ಕಾಲು ತೆಗೆದರೆ ಸುಮ್ಮನಾಗುವ ಹೊಲಿಗೆ ಮಿಷನ್

ಮಿಷನ್ ಬಂದ ದಿನ ಸ್ವಿಚ್ ಹಾಕಿದೆ. ಏನೂ ಸದ್ದಿಲ್ಲ. ಕರೆಂಟ್ ಹೋಯ್ತೇನೋ ಅಂತ ಮೇಲೆ ನೋಡಿದರೆ ಫ್ಯಾನ್ ತಿರುಗುತ್ತಿತ್ತು. ಜೋಡಿಸಲು ಬಂದಿದ್ದ ಹುಡುಗ, "ಕಾಲಿಡ್ರಿ ಅಕ್ಕಾ" ಅಂದ. ಇಟ್ಟೆ. ಸೂಜಿ ನಾಲ್ಕು ಹೊಲಿಗೆ ಹಾಕಿತು. ಕಾಲು ತೆಗೆದೆ. ಮತ್ತೆ ಸದ್ದಿಲ್ಲ. ಎದುರು ರಸ್ತೆಯಲ್ಲಿ ತರಕಾರಿ ಗಾಡಿಯವನು ಟೊಮೆಟೊ ರೇಟು ಕೂಗುವುದು ಕೇಳಿಸಿತು. ಹತ್ತು ವರ್ಷದಿಂದ ಅವನು ಆ ರಸ್ತೆಯಲ್ಲಿ ಕೂಗುತ್ತಲೇ ಇದ್ದಾನೆ. ಅಂಗಡಿಯೊಳಗೆ ಕೂತು ಅವನ ದನಿ ಕೇಳಿದ್ದು ಅವತ್ತೇ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನ್ನದೊಂದು ಲೇಡೀಸ್ ಟೈಲರ್ ಅಂಗಡಿ ಇದೆ. ಹತ್ತಡಿ ಉದ್ದ, ಎಂಟಡಿ ಅಗಲ. 2009ರಿಂದ ನಡೆಸುತ್ತಿದ್ದೇನೆ. ಈಗ ಹದಿನಾಲ್ಕು ತಿಂಗಳಿಂದ ಡೈರೆಕ್ಟ್ ಡ್ರೈವ್ ಮೋಟಾರಿನ ಪವರ್ ಮಿಷನ್, ಅಂದರೆ ಗಾರ್ಮೆಂಟ್ಸಿನಲ್ಲಿ ಇರುವಂಥ ಕರೆಂಟ್ ಮಿಷನ್, ಬಳಸುತ್ತಿದ್ದೇನೆ. ಅದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಕಂಪನಿ ಹೆಸರು ಬರೆಯುವುದಿಲ್ಲ. ಈ ಬಗೆಯ ಮಿಷನ್ ನಾಲ್ಕೈದು ಕಂಪನಿಗಳಲ್ಲಿ ಸಿಗುತ್ತದೆ, ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ. ನನಗೆ ಹೇಳಬೇಕಾಗಿರುವುದು ಮೋಟಾರಿನ ಬಗ್ಗೆ, ಅದರಿಂದ ನನ್ನ ಅಂಗಡಿಯಲ್ಲಿ ಏನಾಯಿತು ಅನ್ನುವುದರ ಬಗ್ಗೆ.

ಪವರ್ ಮಿಷನ್ ನನಗೆ ಹೊಸದಲ್ಲ. ಅಂಗಡಿಗೆ ಮೊದಲು ಮೂರು ವರ್ಷ ಬೆಂಗಳೂರಿನ ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ನನ್ನದು ಶರ್ಟಿನ ಕಫ್. ದಿನಕ್ಕೆ ನೂರಾರು ಕಫ್. ಮೂರು ವರ್ಷದಲ್ಲಿ ಒಂದು ಪೂರ್ತಿ ಶರ್ಟ್ ಹೊಲಿಯಲಿಲ್ಲ. ಒಬ್ಬರ ಮೈಗೆ ಸರಿಯಾಗಿ ಕೂರುವ ಒಂದು ಬಟ್ಟೆಯನ್ನು ಮೊದಲಿಂದ ಕೊನೆವರೆಗೆ ನಾನೇ ಮಾಡಬೇಕು ಅನ್ನುವ ಆಸೆಯಿಂದಲೇ ಊರಿಗೆ ಬಂದು ಅಂಗಡಿ ಹಾಕಿದ್ದು. ಮೊದಲ ಐದು ವರ್ಷ ಕಾಲಲ್ಲಿ ತುಳಿಯುವ ಮಿಷನ್. 2014ರಲ್ಲಿ ಒಂಬತ್ತು ಸಾವಿರ ಕೊಟ್ಟು ಹಳೇ ಪವರ್ ಮಿಷನ್ ತಂದೆ. ನಮ್ಮ ಕಸುಬಿನಲ್ಲಿ ಯಾವ ಕಂಪನಿಯದಾದರೂ ಅದನ್ನು 'ಜುಕಿ ಮಿಷನ್' ಅಂತಲೇ ಕರೆಯುತ್ತೇವೆ.

ಆ ಹಳೇ ಮಿಷನ್‌ಗೆ ಇದ್ದದ್ದು ಕ್ಲಚ್ ಮೋಟಾರ್. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಟೇಬಲ್ ಕೆಳಗೆ ಅರ್ಧ ಎಚ್‌ಪಿಯ ಮೋಟಾರ್ ಇರುತ್ತದೆ. ಸ್ವಿಚ್ ಹಾಕಿದ ಕೂಡಲೇ ಅದು ಪೂರ್ತಿ ಸ್ಪೀಡಿನಲ್ಲಿ ತಿರುಗಲು ಶುರು. ನಾವು ಪೆಡಲ್ ಒತ್ತಿದಾಗ ಕ್ಲಚ್ ಪ್ಲೇಟ್ ಕೂಡಿಕೊಂಡು ಬೆಲ್ಟ್ ಮೂಲಕ ಮಿಷನ್ ಓಡುತ್ತದೆ. ಪೆಡಲ್ ಬಿಟ್ಟರೆ ಮಿಷನ್ ನಿಲ್ಲುತ್ತದೆ, ಮೋಟಾರ್ ನಿಲ್ಲುವುದಿಲ್ಲ. ಹುಕ್ಕು ಹಾಕುತ್ತಿದ್ದರೂ, ದಾರ ಬಿಚ್ಚುತ್ತಿದ್ದರೂ, ಗಿರಾಕಿ ಬಂದು ಮಾತಾಡುತ್ತಿದ್ದರೂ ಅದು ಗುಂಯ್ ಅನ್ನುತ್ತಲೇ ಇರುತ್ತದೆ. ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ. ಮನೆಗೆ ಹೋಗಿ ಮಲಗಿದ ಮೇಲೂ ಕಿವಿಯಲ್ಲಿ ಅದೇ ಸದ್ದು.

ಡೈರೆಕ್ಟ್ ಡ್ರೈವ್‌ನಲ್ಲಿ ಬೆಲ್ಟೂ ಇಲ್ಲ, ಕ್ಲಚ್ಚೂ ಇಲ್ಲ. ಮೋಟಾರ್ ಮಿಷನ್ ತಲೆಯಲ್ಲೇ, ಕೈಚಕ್ರದ ಹತ್ತಿರ ಕೂತಿರುತ್ತದೆ. ಕಾಲಿಟ್ಟರೆ ಓಡುತ್ತದೆ, ತೆಗೆದರೆ ಮೋಟಾರೂ ನಿಲ್ಲುತ್ತದೆ. ಇಷ್ಟೇ ವ್ಯತ್ಯಾಸ. ಆದರೆ ದಿನಕ್ಕೆ ಹನ್ನೊಂದು ಗಂಟೆ ಅದರ ಮುಂದೆ ಕೂರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಇದನ್ನು ಕೊಳ್ಳುವಾಗ ನಾನು ಯಾವ ಸ್ಥಿತಿಯಲ್ಲಿದ್ದೆ ಅಂತ ಹೇಳಲೇಬೇಕು. 2024ರ ಯುಗಾದಿಗೆ ಅಂಗಡಿ ಮುಚ್ಚುವುದು ಅಂತ ತೀರ್ಮಾನ ಆಗಿತ್ತು. ಮನೆಯವರಿಗೂ ಹೇಳಿದ್ದೆ. ಊರಿನ ಒಂದು ಬಟ್ಟೆ ಶೋರೂಮಿನಲ್ಲಿ ಆಲ್ಟರೇಷನ್ ಕೆಲಸಕ್ಕೆ ಕರೆದಿದ್ದರು, ತಿಂಗಳಿಗೆ ಹದಿನಾಲ್ಕು ಸಾವಿರ. ಅಂಗಡಿಯಲ್ಲಿ ದುಡ್ಡು ಹುಟ್ಟುತ್ತಿರಲಿಲ್ಲ ಅಂತಲ್ಲ. ಎಳೆದರೆ ಮೈಗೆ ತಕ್ಕಂತೆ ಹಿಗ್ಗುವ ರೆಡಿಮೇಡ್ ಬ್ಲೌಸ್ ಬಂದ ಮೇಲೆ ಕಾಲೇಜು ಹುಡುಗಿಯರು ಕಡಿಮೆಯಾಗಿದ್ದರು, ಅಷ್ಟೇ. ಮದುವೆ ಸೀಸನ್ನಿನಲ್ಲಿ ಕೈತುಂಬಾ ಕೆಲಸ ಇತ್ತು. ನನಗೆ ಬೇಡವಾಗಿದ್ದು ಅಂಗಡಿಯೇ. ಬಾಗಿಲಲ್ಲಿ ಯಾರಾದರೂ ಚೀಲ ಹಿಡಿದು ನಿಂತರೆ ಖುಷಿ ಆಗುವ ಬದಲು ಎದೆ ಭಾರ ಆಗುತ್ತಿತ್ತು. "ಅಳತೆ ಬ್ಲೌಸ್ ತಂದಿದ್ದೀರಾ? ಅದರ ಹಂಗೇ ಹೊಲೀತೀನಿ" ಅಂದು ಚೀಲ ಇಸಿದುಕೊಂಡು ಕಳಿಸಿಬಿಡುತ್ತಿದ್ದೆ. ಮಾತಾಡಲು ಮೋಟಾರಿನ ಸದ್ದಿನ ಮೇಲೆ ಕೂಗಬೇಕಿತ್ತು. ಕೂಗಿ ಕೂಗಿ ಸಾಕಾಗಿತ್ತು.

ಜನವರಿಯಲ್ಲಿ ಒಂದು ಮದುಮಗಳ ರೇಷ್ಮೆ ಬ್ಲೌಸ್ ಮೇಲೆ ಹಳೇ ಮಿಷನ್ನಿನಿಂದ ಎಣ್ಣೆ ಹನಿ ಬಿತ್ತು. ತಿಳಿ ಗಿಣಿಹಸಿರು ಬಣ್ಣ, ಎದೆಯ ಮೇಲೇ ಕಲೆ. ಬದಲಿ ಬ್ಲೌಸ್ ಹೊಲಿಯಲು ಸೀರೆಯಲ್ಲಿ ಬೇರೆ ತುಂಡು ಇರಲಿಲ್ಲ. ಟಾಲ್ಕಂ ಪೌಡರ್ ಹಾಕಿ ಒತ್ತಿಟ್ಟು, ಮೂರು ಸಲ ಒಗೆದು, ಉಳಿದ ಗುರುತಿನ ಮೇಲೆ ಮಣಿ ಹೊಲಿದು ಕೊಟ್ಟೆ. ಆ ಹುಡುಗಿ ಏನೂ ಅನ್ನಲಿಲ್ಲ. ಅವಳ ತಾಯಿ ದುಡ್ಡು ಕೊಟ್ಟು ಮುಖ ನೋಡದೆ ಹೋದರು. ಅವತ್ತು ರಾತ್ರಿ ನಾನು ಷಟರ್ ಎಳೆಯುವಾಗ ಅತ್ತೆ.

ಫೆಬ್ರವರಿಯಲ್ಲಿ ಮೋಟಾರ್ ಸುಟ್ಟುಹೋಯಿತು. ಕೈಯಲ್ಲಿ ಅಡ್ವಾನ್ಸ್ ತೆಗೆದುಕೊಂಡ ಮೂವತ್ತೊಂದು ಬ್ಲೌಸ್. ಮೆಕ್ಯಾನಿಕ್ ಬಂದು ನೋಡಿ ಮೂರು ದಾರಿ ಹೇಳಿದರು. ಒಂದು, ವೈಂಡಿಂಗ್ ಮಾಡಿಸುವುದು. ಎರಡು, ಹಳೇ ಮಿಷನ್‌ಗೇ ಕಾಲಿಟ್ಟಾಗ ಮಾತ್ರ ತಿರುಗುವ ಸರ್ವೋ ಮೋಟಾರ್ ಹಾಕಿಸುವುದು. ಇದು ಒಳ್ಳೆಯ ದಾರಿ, ಮಿಷನ್ನಿನ ತಲೆ ಇನ್ನೂ ಗಟ್ಟಿ ಇದ್ದವರು ಇದನ್ನೇ ಮಾಡಿ. ಹೊಸ ಮಿಷನ್‌ಗೆ ಬೀಳುವ ದುಡ್ಡಿನಲ್ಲಿ ಸಣ್ಣ ಭಾಗಕ್ಕೇ ಮುಗಿಯುತ್ತದೆ, ಸದ್ದೂ ಹೋಗುತ್ತದೆ. ನನ್ನ ಮಿಷನ್ನಿನೊಳಗೆ ಸೂಜಿಯ ದಾರ ಹಿಡಿಯುವ ಹುಕ್ ಸವೆದಿತ್ತು, ಎಣ್ಣೆ ಸೋರುತ್ತಿತ್ತು. ಹಾಗಾಗಿ ಮೂರನೆಯದು, ಹೊಸದು. ಮುಚ್ಚುವ ಅಂಗಡಿಗೆ ಹೊಸ ಮಿಷನ್ ಯಾಕೆ ಅಂತ ಮನೆಯವರು ಕೇಳಿದರು. ಮೂವತ್ತೊಂದು ಮನೆಯವರಿಗೆ ಮಾತು ಕೊಟ್ಟಿದ್ದೇನೆ, ಆಮೇಲೆ ಮಾರಿದರೂ ಅರ್ಧಕ್ಕಿಂತ ಜಾಸ್ತಿ ಬರುತ್ತೆ ಅಂದೆ. ಟೇಬಲ್, ಸ್ಟ್ಯಾಂಡ್ ಸೇರಿ 22,500 ರೂಪಾಯಿ ಆಯಿತು. ಸ್ತ್ರೀ ಶಕ್ತಿ ಸಂಘದಲ್ಲಿ ಸಾಲ ತೆಗೆದೆ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಕಂತಿಗೇ ಅಂತ ತೆಗೆದಿಟ್ಟೆ.

ಪಕ್ಕದ ಬೀದಿಯ ಇನ್ನೊಬ್ಬ ಟೈಲರ್ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಹೋದರು. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಆ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ತರಬೇತಿ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿವರೆಗೆ, ಮೊದಲ ಸಾಲ 1 ಲಕ್ಷದವರೆಗೆ, ಬಡ್ಡಿ ಶೇಕಡ 5. ಮನೆಗೆ ಒಬ್ಬರಿಗೆ ಮಾತ್ರ. ನನಗೆ ಕಾಯಲು ದಿನ ಇರಲಿಲ್ಲ. ಇರುವವರು ವಿಚಾರಿಸಿ ನೋಡಿ.

ಈಗ ಮಿಷನ್ ಬಗ್ಗೆ. ಮೊದಲ ವಾರ ಕಷ್ಟ ಆಯಿತು. ಹಳೇ ಮಿಷನ್‌ಗೆ ಕಾಲು ಗಟ್ಟಿ ಒತ್ತಿ ಅಭ್ಯಾಸ. ಇದಕ್ಕೆ ಹೆಬ್ಬೆರಳಿನ ಭಾರ ಬಿದ್ದರೂ ಸಾಕು, ಓಡುತ್ತದೆ. ಈ ಬಗೆಯ ಮಿಷನ್‌ಗಳು ನಿಮಿಷಕ್ಕೆ 4,000 ಹೊಲಿಗೆ ಹಾಕುವಷ್ಟು ಗಟ್ಟಿ. ಮನೆಯಲ್ಲಿ ತುಳಿಯುವ ಮಿಷನ್ 800ರಿಂದ 1,000 ದಾಟುವುದಿಲ್ಲ. ನಮಗೆ 4,000 ಯಾಕೆ ಬೇಕು? ಬ್ಲೌಸಿನಲ್ಲಿ ಇಪ್ಪತ್ತು ಇಂಚಿನ ನೇರ ಹೊಲಿಗೆ ಸಿಗುವುದೇ ಅಪರೂಪ. ಆದರೆ ಮಿಷನ್ ಮೇಲೆ ಎರಡು ಬಟನ್ ಇದೆ, ಸ್ಪೀಡ್ ಎಷ್ಟಕ್ಕೆ ನಿಲ್ಲಬೇಕು ಅಂತ ಹೇಳಬಹುದು. ನಾನು 1,800ಕ್ಕೆ ಇಟ್ಟಿದ್ದೇನೆ. ಕುತ್ತಿಗೆಗೆ ಪೈಪಿಂಗ್ ಕೊಡುವಾಗ 600ಕ್ಕೆ ಇಳಿಸುತ್ತೇನೆ. ಕಲಿಯಲು ಬರುವ ಹುಡುಗಿ ಕೂತರೆ 400. ಅವಳು ಎಷ್ಟೇ ಒತ್ತಿದರೂ ಅದಕ್ಕಿಂತ ಮುಂದೆ ಹೋಗುವುದಿಲ್ಲ. ಬೆರಳಿನ ಭಯ ಹೋದ ಮೇಲೆ ಅವಳು ಎರಡೇ ವಾರದಲ್ಲಿ ನೇರ ಹೊಲಿಗೆ ಕಲಿತಳು.

ನನಗೆ ಬಹಳ ಇಷ್ಟವಾದ ಗುಣ ಇನ್ನೊಂದು. ಕಾಲು ತೆಗೆದಾಗ ಸೂಜಿ ಬಟ್ಟೆಯ ಒಳಗೇ ನಿಲ್ಲಬೇಕಾ, ಮೇಲೆ ನಿಲ್ಲಬೇಕಾ ಅಂತ ಮೊದಲೇ ಹೇಳಿಡಬಹುದು. ಒಳಗೆ ನಿಲ್ಲುವಂತೆ ಇಟ್ಟರೆ ಮೂಲೆ ತಿರುಗಿಸುವುದು ಎಷ್ಟು ಸಲೀಸು ಗೊತ್ತಾ! ಚೌಕ ಕುತ್ತಿಗೆ, ವಿ ಕುತ್ತಿಗೆ, ಬೆನ್ನ ಹಿಂದಿನ ಮಡಕೆ ಡಿಸೈನ್, ಎಲ್ಲದರಲ್ಲೂ ಮೂಲೆ ಬಂದಾಗ ಮೊದಲು ಕೈಚಕ್ರ ತಿರುಗಿಸಿ ಸೂಜಿ ಇಳಿಸಬೇಕಿತ್ತು. ಈಗ ಬಟ್ಟೆ ಎರಡೂ ಕೈಯಲ್ಲೇ ಇರುತ್ತದೆ. ಮೊಣಕಾಲಿಂದ ಒತ್ತಿದರೆ ಬಟ್ಟೆ ಒತ್ತಿ ಹಿಡಿಯುವ ಫುಟ್ ಏಳುತ್ತದೆ, ಬಟ್ಟೆ ತಿರುಗಿಸಿ ಮುಂದೆ ಹೋಗುವುದು. ದಾರ ತಾನೇ ಕತ್ತರಿಸುವ ಮಾಡೆಲ್ ಕೂಡ ಇದೆ, ಬೆಲೆ ಜಾಸ್ತಿ. ನಮ್ಮಂಥ ಅಂಗಡಿಗೆ ಅದು ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ದಿನಕ್ಕೆ ಐನೂರು ಪೀಸ್ ಮಾಡುವವರಿಗೆ ಅದು ಸರಿ.

ಹೊಲಿಗೆಯ ಗುಣಮಟ್ಟ ಚೆನ್ನಾಗಿದೆ. ಆದರೆ ಮಿಷನ್ ಹೊಸದು ಅಂತ ಸೂಜಿ ಬದಲಿಸದೆ ಕೂತರೆ ಯಾವ ಮಿಷನ್ ಆದರೂ ಸುಕ್ಕು ಬರುತ್ತದೆ. ತೆಳು ರೇಷ್ಮೆಗೆ, ಶಿಫಾನಿಗೆ 9 ಅಥವಾ 11ನೇ ನಂಬರ್, ಕಾಟನ್ನಿಗೆ 14. ಪವರ್ ಮಿಷನ್‌ಗೆ ಗುಂಡು ತಲೆಯ ಡಿಬಿ ಸೂಜಿಯೇ ಬೇಕು, ಮನೆ ಮಿಷನ್ನಿನ ಚಪ್ಪಟೆ ತಲೆಯ ಸೂಜಿ ಕೂರುವುದಿಲ್ಲ. ಎಣ್ಣೆ ಬಟ್ಟೆ ಮೇಲೆ ಬಿದ್ದದ್ದು ಈ ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಇಲ್ಲ. ಆದರೂ ಬೆಳಗ್ಗೆ ಮೊದಲು ಹಳೇ ಬಟ್ಟೆಯ ಮೇಲೆ ಒಂದು ನಿಮಿಷ ಓಡಿಸಿಯೇ ಗಿರಾಕಿಯ ಬಟ್ಟೆ ಮುಟ್ಟುತ್ತೇನೆ. ಆ ಗಿಣಿಹಸಿರು ಬ್ಲೌಸ್ ಕಲಿಸಿದ ಅಭ್ಯಾಸ.

ಕರೆಂಟ್ ಬಿಲ್ ತಿಂಗಳಿಗೆ ಇನ್ನೂರು, ಇನ್ನೂರೈವತ್ತು ರೂಪಾಯಿ ಕಡಿಮೆ ಬರುತ್ತಿದೆ. ಅದಕ್ಕಿಂತ ದೊಡ್ಡ ಉಳಿತಾಯ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ, ನೀವು ಎಷ್ಟು ಹೊತ್ತು ಹೊಲಿಯುತ್ತೀರಿ ಅನ್ನುವುದರ ಮೇಲೆ ಅದು.

ಕೊರತೆಗಳೂ ಇವೆ. ಮೊದಲನೆಯದು ಬೋರ್ಡು. ಕ್ಲಚ್ ಮೋಟಾರನ್ನು ನಮ್ಮ ಬೀದಿಯ ಮೆಕ್ಯಾನಿಕ್ ಬಿಚ್ಚಿ ಸರಿ ಮಾಡುತ್ತಿದ್ದರು. ಇದರೊಳಗೆ ಎಲೆಕ್ಟ್ರಾನಿಕ್ ಬೋರ್ಡು ಇದೆ. ಸ್ಕ್ರೀನ್ ಮೇಲೆ ಎರರ್ ನಂಬರ್ ಬಂದರೆ ನಮಗೂ ಗೊತ್ತಾಗುವುದಿಲ್ಲ, ಅವರಿಗೂ ಗೊತ್ತಾಗುವುದಿಲ್ಲ. ಮೇ ತಿಂಗಳ ಗುಡುಗು ಮಳೆಯಲ್ಲಿ ವೋಲ್ಟೇಜ್ ಮೇಲೆ ಕೆಳಗೆ ಆಗಿ ನನ್ನದು ಒಮ್ಮೆ ನಿಂತಿತು. ಕಂಪನಿಯವರು ಬರಲು ಆರು ದಿನ ಬೇಕಾಯಿತು. ಆ ಆರು ದಿನ ಅಟ್ಟದ ಮೇಲಿದ್ದ ತುಳಿಯುವ ಮಿಷನ್ ಇಳಿಸಿ ಕೆಲಸ ಮಾಡಿದೆ. ಅದನ್ನು ಮಾರಿರಲಿಲ್ಲ, ಪುಣ್ಯ. ಈಗ ಸ್ಟೆಬಿಲೈಜರ್ ಹಾಕಿದ್ದೇನೆ, ಮಳೆ ಬಂದರೆ ಪ್ಲಗ್ ಕೀಳುತ್ತೇನೆ. ಇನ್ವರ್ಟರ್ ಮೇಲೆ ಓಡಿಸುವವರು ಸೈನ್ ವೇವ್ ಇನ್ವರ್ಟರ್ ಅಂತ ನೋಡಿ ತೆಗೆದುಕೊಳ್ಳಿ, ಹಳೇ ಬಗೆಯದು ಬೋರ್ಡಿಗೆ ಒಳ್ಳೆಯದಲ್ಲ.

ಎರಡನೆಯದು ಜಾಗ. ಟೇಬಲ್ ನಾಲ್ಕಡಿ ಉದ್ದ, ಎರಡಡಿ ಅಗಲ. ನನ್ನ ಅಂಗಡಿಯಲ್ಲಿ ಕಟಿಂಗ್ ಟೇಬಲ್ ಗೋಡೆಗೆ ಸರಿಸಬೇಕಾಯಿತು. ಜಿಗ್‌ಜಾಗ್ ಇದರಲ್ಲಿ ಆಗುವುದಿಲ್ಲ, ಅಂಚಿನ ದಾರ ಬಿಚ್ಚದಂತೆ ಹಾಕುವ ಓವರ್‌ಲಾಕ್‌ಗೂ ಬೇರೆ ಮಿಷನ್ ಬೇಕು. ಮನೆಯಲ್ಲಿ ಅಪರೂಪಕ್ಕೆ ಹೊಲಿಯುವವರಿಗೆ ಇದು ಬೇಡ.

ಇಷ್ಟು ಮಿಷನ್ ಮಾತು. ಆದರೆ ನಾನು ಬರೆಯಲು ಕೂತಿದ್ದು ಮುಖ್ಯವಾಗಿ ಒಬ್ಬ ಅಜ್ಜಿಯ ವಿಷಯ ಹೇಳಲು.

ಅವರು ಬಾಗಲಕೋಟೆ ಕಡೆಯವರು. ಮಗಳ ಮನೆ ನಮ್ಮ ಬೀದಿಯಲ್ಲಿದೆ. ವರ್ಷಕ್ಕೊಮ್ಮೆ ಬಂದಾಗ ಗುಳೇದಗುಡ್ಡದ ಖಣ ತರುತ್ತಾರೆ, ಎರಡು ಕುಪ್ಪಸ ಹೊಲಿಸಿಕೊಂಡು ಹೋಗುತ್ತಾರೆ. ಇಳಕಲ್ ಸೀರೆ ಮೇಲೆ ಅದನ್ನೇ ತೊಡುವುದು. ಎಂಟು ವರ್ಷದಿಂದ ಬರುತ್ತಿದ್ದಾರೆ. ಎಂಟು ವರ್ಷವೂ ಅವರು ಕೊಟ್ಟ ಅಳತೆ ಕುಪ್ಪಸ ಇಟ್ಟುಕೊಂಡು ಹಾಗೇ ಹೊಲಿದು ಕೊಟ್ಟಿದ್ದೇನೆ. ಕಳೆದ ಶ್ರಾವಣದಲ್ಲಿ ಬಂದು ಬಾಗಿಲಲ್ಲೇ ನಿಂತರು.

"ಯಾಕವ್ವಾ, ಮಿಷನ್ ಕೆಟ್ಟೈತೇನು?"

"ಇಲ್ಲಮ್ಮಾ, ಹೊಸದು. ಸದ್ದು ಮಾಡಲ್ಲ."

ಅವರು ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಎಂಟು ವರ್ಷದಲ್ಲಿ ಅವರು ಕೂತದ್ದು ನಾನು ನೋಡಿರಲಿಲ್ಲ. ಮಗಳ ವಿಷಯ, ಮಳೆ ವಿಷಯ ಮಾತಾಡಿದರು. ಆಮೇಲೆ ಮೆಲ್ಲಗೆ ಹೇಳಿದರು, "ತೋಳು ಎತ್ತಿದ್ರ ಕುಪ್ಪಸ ಮ್ಯಾಲೆ ಬರ್ತೈತವ್ವಾ. ಅರಿವಿ ಒಣಗಹಾಕಾಕ ಆಗಂಗಿಲ್ಲ. ಮೊದಲಿಂದನೂ ಹಂಗ ಐತಿ."

ನನಗೆ ಮಾತೇ ಬರಲಿಲ್ಲ. ಎಂಟು ವರ್ಷ. ಹದಿನಾರು ಕುಪ್ಪಸ. ಅಳತೆ ಬಟ್ಟೆಯಲ್ಲಿದ್ದ ತಪ್ಪನ್ನೇ ಹದಿನಾರು ಸಲ ನಕಲು ಮಾಡಿ ಕೊಟ್ಟಿದ್ದೆ. ಅವರು ಹೇಳಲು ಬಂದಿರಬಹುದು, ಆ ಸದ್ದಿನಲ್ಲಿ ನಾನು "ಹಂಗೇ ಹೊಲೀತೀನಿ" ಅಂದು ಕಳಿಸಿರಬಹುದು.

ಎದ್ದು ಟೇಪ್ ತೆಗೆದೆ. ಅವರ ಮೈಗೇ ಅಳತೆ ತೆಗೆದೆ. ತೋಳು ಎತ್ತಿಸಿ ನೋಡಿದೆ. ಆರ್ಮ್‌ಹೋಲ್, ಅಂದರೆ ತೋಳು ಕೂಡುವ ಸುತ್ತು, ಬಹಳ ಕೆಳಗಿತ್ತು. ಕಂಕುಳಲ್ಲಿ ಇಳಿಸಿದಷ್ಟೂ ಸಡಿಲ ಆಗುತ್ತದೆ ಅಂತ ನಾವು ಬಹಳ ಜನ ಅಂದುಕೊಂಡಿದ್ದೇವೆ. ಹಾಗಲ್ಲ. ಕೆಳಗಿದ್ದಷ್ಟೂ ತೋಳು ಮತ್ತು ಮೈಯ ಬಟ್ಟೆ ಒಂದಕ್ಕೊಂದು ಕಟ್ಟಿಹಾಕಿದ ಹಾಗಾಗುತ್ತದೆ. ಕೈ ಎತ್ತಿದರೆ ಇಡೀ ಕುಪ್ಪಸ ಜೊತೆಯಲ್ಲಿ ಏಳುತ್ತದೆ. ಆರ್ಮ್‌ಹೋಲ್ ಕಂಕುಳ ಹತ್ತಿರಕ್ಕೆ ಏರಿಸಿ, ತೋಳಿನ ತಲೆ ಸ್ವಲ್ಪ ತಗ್ಗಿಸಿ ಅಗಲ ಮಾಡಿದರೆ ಕೈ ಆರಾಮಾಗಿ ಏಳುತ್ತದೆ. ಇದು ನನಗೆ ಗೊತ್ತಿತ್ತು. ಅಂಗಡಿ ಹಾಕಿದ ಮೊದಲ ವರ್ಷಗಳಲ್ಲಿ ಹೀಗೇ ಒಬ್ಬೊಬ್ಬರಿಗೂ ಪೇಪರ್ ಮೇಲೆ ಗೀಚಿ ನೋಡುತ್ತಿದ್ದೆ. ಯಾವಾಗ ಬಿಟ್ಟೆ ಅಂತಲೇ ನೆನಪಿಲ್ಲ.

ಅವತ್ತು ರಾತ್ರಿ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪ್ಯಾಟರ್ನ್ ಬರೆದೆ. ಖಣದ ಪನ್ನ, ಅಂದರೆ ಬಟ್ಟೆಯ ಅಗಲ, ಕಡಿಮೆ, ಅಂಚು ತೋಳಿಗೇ ಬರಬೇಕು, ಹಾಗಾಗಿ ಅಗಲ ತೋಳಿಗೆ ಬಟ್ಟೆ ಸಾಲುತ್ತಿರಲಿಲ್ಲ. ಕಂಕುಳಲ್ಲಿ ಸಣ್ಣ ಚೌಕ ಪಟ್ಟಿ ಸೇರಿಸಿದೆ. ಆ ಚೌಕದ ನಾಲ್ಕು ಮೂಲೆಗಳಲ್ಲೂ ಸೂಜಿ ಬಟ್ಟೆಯೊಳಗೇ ನಿಂತಿತು, ನಾನು ತಿರುಗಿಸುತ್ತಾ ಹೋದೆ. ಹೊಲಿಗೆ ಮುಗಿದಾಗ ಗಂಟೆ ಹನ್ನೊಂದು. ಸುಸ್ತು ಗೊತ್ತಾಗಲಿಲ್ಲ. ಬೆಳಗ್ಗೆ ಅಜ್ಜಿ ತೊಟ್ಟು ನಮ್ಮ ಅಂಗಡಿಯ ಷಟರಿನ ಮೇಲಿನ ಕೊಕ್ಕೆ ಮುಟ್ಟಿ ನೋಡಿದರು. ಎರಡು ಸಲ. ಕುಪ್ಪಸ ಅಲ್ಲೇ ಇತ್ತು.

ಆಮೇಲೆ ಎಲ್ಲರನ್ನೂ ಕೇಳಲು ಶುರು ಮಾಡಿದೆ. ಎಲ್ಲಿ ಬಿಗಿ, ಎಲ್ಲಿ ಜಾರುತ್ತೆ, ಬಸ್ಸಿನಲ್ಲಿ ಕಂಬಿ ಹಿಡಿದರೆ ಏನಾಗುತ್ತೆ, ಮಗುವಿಗೆ ಹಾಲು ಕೊಡಲು ಹುಕ್ಕು ಎಲ್ಲಿರಬೇಕು. ಬಸ್ಸಿನಲ್ಲಿ ದಿನಾ ಹರಿಹರಕ್ಕೆ ಹೋಗುವ ಟೀಚರ್ ಒಬ್ಬರು ಹೆಗಲು ಜಾರದ ಹಾಗೆ ಒಳಗೆ ಪಟ್ಟಿ ಕೇಳಿದರು. ಅದನ್ನು ಈಗ ಬಹಳ ಜನ ಕೇಳುತ್ತಾರೆ. ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಒಬ್ಬೊಬ್ಬರಿಗೆ ಒಂದು ಪುಟ. ಈಗ ನೂರಾ ಹನ್ನೆರಡು ಪುಟ ಆಗಿದೆ. ಲೈನಿಂಗ್ ಬ್ಲೌಸಿಗೆ 350 ಇದ್ದದ್ದನ್ನು 450 ಮಾಡಿದೆ. ಇಬ್ಬರು ಬಿಟ್ಟು ಹೋದರು, ಉಳಿದವರು ಇದ್ದಾರೆ. ದಿನಕ್ಕೆ ಹೊಲಿಯುವ ಬ್ಲೌಸ್ ಮೊದಲಿಗಿಂತ ಒಂದು ಕಡಿಮೆಯೇ. ಕೈಗೆ ಉಳಿಯುವುದು ಶೋರೂಮಿನವರು ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿ, ಬಹಳ ಜಾಸ್ತಿ ಏನಲ್ಲ. ಏಳೂವರೆಗೆ ಷಟರ್ ಎಳೆಯುತ್ತೇನೆ. ಶೋರೂಮಿಗೆ ಬರುವುದಿಲ್ಲ ಅಂತ ಯುಗಾದಿಗೆ ಮೊದಲೇ ಹೇಳಿ ಬಂದಿದ್ದೆ. ಆಗ ಕಾರಣ ಕೇಳಿದ್ದರೆ ಕಂತು ಕಟ್ಟಬೇಕಲ್ಲ ಅಂತಿದ್ದೆ.

ಕೊಳ್ಳುವವರಿಗೆ ಒಂದು ಮಾತು. ಅಂಗಡಿಯಲ್ಲಿ ಅವರು ಕೊಡುವ ದಪ್ಪ ಕಾಟನ್ ತುಂಡಿನ ಮೇಲೆ ಹೊಲಿದು ನೋಡಿ ಬರಬೇಡಿ. ಅದರ ಮೇಲೆ ಯಾವ ಮಿಷನ್ ಆದರೂ ಚೆನ್ನಾಗಿ ಹೊಲಿಯುತ್ತದೆ. ನಿಮ್ಮ ಚೀಲದಿಂದ ಶಿಫಾನ್ ಒಂದು ತುಂಡು, ಲೈನಿಂಗ್ ಸೇರಿದ ರೇಷ್ಮೆ ಒಂದು ತುಂಡು, ಖಣ ಹೊಲಿಯುವವರಾದರೆ ಅದರದ್ದೊಂದು ತುಂಡು ತೆಗೆದುಕೊಂಡು ಹೋಗಿ. ಸ್ಪೀಡ್ ಕಡಿಮೆ ಮಾಡಿಸಿ ಒಂದೊಂದೇ ಹೊಲಿಗೆ ಹಾಕಿ ನೋಡಿ. ಕೆಲವು ಮಿಷನ್ ನಿಧಾನಕ್ಕೆ ಇಟ್ಟರೆ ಬಟ್ಟೆ ದಪ್ಪ ಆದ ಕಡೆ ನಿಂತುಬಿಡುತ್ತವೆ. ಬೋರ್ಡಿಗೆ ಎಷ್ಟು ವರ್ಷ ವಾರಂಟಿ, ರಿಪೇರಿಗೆ ಊರಿಗೇ ಬರುತ್ತಾರಾ, ಎಷ್ಟು ದಿನದಲ್ಲಿ, ಇದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ತುಳಿಯುವ ಮಿಷನ್ ಇದ್ದರೆ ಮಾರಬೇಡಿ. ನಿಟ್ಟುವಳ್ಳಿ ಕಡೆ ಬಂದರೆ ನನ್ನ ಮಿಷನ್ ಮೇಲೆ ಕೂತು ನೋಡಬಹುದು, ಸೋಮವಾರ ಬೆಳಗ್ಗೆ ಗಿರಾಕಿ ಕಡಿಮೆ ಇರುತ್ತಾರೆ.